ಎತ್ತದ ಬೆರಳು

“ರೋ, ನಿನ್ನ ಗಂಡ ದೊಡ್ಡ ಮನುಷ್ಯ ಆಗ್ಬಿಟ್ನೇನೇ?”

ಲಿಂಡ್ಸೆ ಲಾರಿಯ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದರು. ನಾನು ಗೋದಾಮಿನ ಅಟ್ಟಣಿಗೆಯ ಮೇಲೆ ನಿಂತು ಅವರ ಗೋಧಿಗೆ ಕೊಳವೆ ಚುಚ್ಚಿ ಮಾದರಿ ತೆಗೆಯುತ್ತಿದ್ದೆ. ಕೊಯ್ಲಿನ ಕಾಲ, ಹಿಂದೆ ಲಾರಿಗಳ ಸಾಲು, ಬಾಯಿ ತೆರೆದರೆ ನೊಣ.

“ಯಾಕೆ, ಏನ್ಮಾಡ್ದ?”

“ಏನೂ ಮಾಡ್ಲಿಲ್ಲ, ಅದೇ ಮತ್ತೆ! ಮಂಗಳವಾರ ಹಳ್ಳದ ಹತ್ರ ಎದುರಿಗೆ ಬಂದ, ನಾನು ಬೆರಳೆತ್ತಿದೆ. ಅವನು ಎತ್ಲಿಲ್ಲ. ಹೋಗ್ಲಿ, ಬಸ್ಸಲ್ಲಿ ಮಕ್ಕಳ ಗಲಾಟೆ ಅಂದ್ಕೊಂಡೆ. ನಿನ್ನೆ ಮತ್ತೆ ಹಾಗೇ. ನನ್ನನ್ನು ನೋಡದ ಹಾಗೆ ನೆಟ್ಟಗೆ ಹೋದ. ದಾರೀನೂ ಬಿಡ್ಲಿಲ್ಲ ಮಾರಾಯ್ತಿ, ಪೂರ್ತಿ ಜಲ್ಲಿಗೆ ಇಳಿದೆ ನಾನು.”

ನಗಲು ಹೊರಟಿದ್ದೆ. ಈ ಸೀಮೆಯಲ್ಲಿ ಎದುರು ಬಂದವರಿಗೆ ಸ್ಟೀರಿಂಗ್ ಮೇಲಿಂದ ತೋರುಬೆರಳು ಎತ್ತದಿದ್ದರೆ ಮನೆಗೆ ಬಂದವರಿಗೆ ಕೂತ್ಕೋ ಅನ್ನದಷ್ಟೇ ದೊಡ್ಡ ತಪ್ಪು. ಮಾತು ಬಿಟ್ಟವರೂ ಬೆರಳು ಬಿಡುವುದಿಲ್ಲ. ನನ್ನ ಗಂಡ ಬೆವನ್ ಅಂತೂ ಬೇಲಿಯ ಮೇಲೆ ಕೂತ ಕಾಗೆಗೂ ಎತ್ತುವವನು.

ಆದರೆ ದಾರಿ ಬಿಡಲಿಲ್ಲ ಎಂದದ್ದು ನಗುವನ್ನು ಅರ್ಧಕ್ಕೇ ನಿಲ್ಲಿಸಿತು. ನಮ್ಮ ರಸ್ತೆಯಲ್ಲಿ ಡಾಂಬರು ಇರುವುದು ನಡುವಿನ ಪಟ್ಟಿಗೆ ಮಾತ್ರ. ಎದುರುಬದುರಾದರೆ ಇಬ್ಬರೂ ಎಡಗಾಲಿ ಜಲ್ಲಿಗೆ ಇಳಿಸಬೇಕು. ಶಾಲೆಯ ಬಸ್ಸು ಓಡಿಸುವವನು ಅದನ್ನು ಮರೆಯುತ್ತಾನೆಯೇ?

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅವನ ಬಲಗೈ ತಾಗಿ ಜಾಮ್ ಬಾಟಲಿ ಬಿದ್ದು ಒಡೆದಿತ್ತು. “ಇದನ್ನ ಇಲ್ಲಿ ಯಾರು ಇಟ್ರು?” ಎಂದು ರೇಗಿದ್ದ. ಜಾಮ್ ಇಡುವ ಜಾಗ ಮದುವೆಯಾದಂದಿನಿಂದ ಅದೇ. ಹೋದ ವಾರ ಬಸ್ಸಿನ ಬಲಗನ್ನಡಿ ಗೇಟಿಗೆ ಉಜ್ಜಿಕೊಂಡು ಬಂದಿತ್ತು. ಅದಕ್ಕೆ ಗೇಟನ್ನು ಬೈದಿದ್ದ.

ಅರೆತಲೆನೋವು ಅವನಿಗೆ ಹೊಸದಲ್ಲ. ಬಂದರೆ ಕಿಟಕಿಗೆ ಕಂಬಳಿ ಕಟ್ಟಿ, ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗುತ್ತಾನೆ. ನಾವು ಮನೆಯಲ್ಲಿ ಪಿಸುಮಾತಿಗೆ ಇಳಿಯುತ್ತೇವೆ. ಬಸ್ಸಿನ ಕೆಲಸಕ್ಕೆ ತೊಂದರೆ ಇಲ್ವಾ ಎಂದು ಕೇಳಿದಾಗಲೆಲ್ಲ, “ನೋವು ಬರೋದು ಬಸ್ಸಿಂದ ಇಳಿದ ಮೇಲೆ ಕಣೆ” ಎನ್ನುತ್ತಿದ್ದ. ನೋವಿಗೆ ಮುಂಚೆ ಕಣ್ಣಲ್ಲಿ ಏನೋ ಮಿಣಮಿಣ ಅನ್ನುತ್ತದೆ ಎಂದೂ ಒಮ್ಮೆ ಹೇಳಿದ್ದ. ನಾನು ಗೋಧಿ ಹೊಟ್ಟಿನ ಧೂಳು ಎಂದುಕೊಂಡೆ. ಬಟ್ಟೆ ಒಣಗಿಸುತ್ತಿದ್ದೆ, ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ.

“ಲಿಂಡ್ಸೆ, ನೀವು ಅವನ ಯಾವ ಕಡೆಗಿದ್ರಿ?”

“ಎದುರಿಗೆ ಬಂದವನು ಯಾವ ಕಡೆ ಇರ್ತಾನೆ? ಬಲಗಡೆ! ನಿಂಗೇನಾಯ್ತೇ ಹುಡುಗಿ?”

ಕೊಳವೆಯನ್ನು ಅಲ್ಲೇ ಬಿಟ್ಟು ಇಳಿದೆ. ತೂಕದ ಕೋಣೆಯಿಂದ “ಸಾಲು ನೋಡೇ, ಎಲ್ಲಿಗೆ ಹೊರಟೆ!” ಎಂಬ ಕೂಗು ಕೇಳಿಸಿತು. ಶಾಲೆ ಬಿಟ್ಟಾಗಿತ್ತು. ಬಸ್ಸು ಹೊರಟಿರುತ್ತದೆ, ಅದರ ತುಂಬ ಮಕ್ಕಳು, ಅವರಲ್ಲಿ ನನ್ನ ಮಗಳು ಟಾಮ್ಸಿನ್.

ಕಾರು ಹತ್ತಿ ಹೊರಟೆ. ಹಳ್ಳ ದಾಟಿದರೆ ಫೋನು ಸಿಗುವುದಿಲ್ಲ. ಕಾರಿನಲ್ಲಿ ವೈರ್‌ಲೆಸ್ ಇದೆ, ಬಸ್ಸಿನಲ್ಲೂ ಇದೆ. ಆದರೆ ಸೀಮೆಗೆಲ್ಲ ಒಂದೇ ಚಾನೆಲ್. ನಾನು ಬಾಯಿ ಬಿಟ್ಟರೆ ಪ್ರತಿ ಟ್ರ್ಯಾಕ್ಟರಿಗೂ, ಪ್ರತಿ ಅಡುಗೆಮನೆಗೂ ಕೇಳುತ್ತದೆ. ನನ್ನ ಅನುಮಾನ ಸುಳ್ಳೇ ಆಗಿದ್ದರೆ? ಹೆಂಡತಿಯೇ ಗಂಡನ ಬಸ್ಸು ಕಿತ್ತುಕೊಂಡಳು ಎಂದಾಗುತ್ತದೆ. ನಿಜವೇ ಆಗಿದ್ದರೆ? ಮೈಕಿಗೆ ಕೈ ಚಾಚುವುದು, ತೆಗೆಯುವುದು, ಇದೇ ಆಯಿತು. ಕೊಯ್ದ ಹೊಲಗಳು ಎರಡೂ ಕಡೆ ಬಿಸಿಲನ್ನು ಕಣ್ಣಿಗೆ ಎರಚುತ್ತಿದ್ದವು. ನನಗೇ ಕಣ್ಣು ಕಿರಿದಾಗುತ್ತಿತ್ತು.

ತಿರುವಿನ ಆಚೆ ಹಳದಿ ಬಸ್ಸು ಕಾಣಿಸಿತು. ರಸ್ತೆಯ ನಟ್ಟನಡುವೆ ಬರುತ್ತಿತ್ತು.

ವೇಗ ತಗ್ಗಿಸಿ ಬೆರಳೆತ್ತಿದೆ. ಬೆವನ್‌ನ ಮುಖ ಸ್ಪಷ್ಟವಾಗಿ ಕಂಡಿತು. ನೋವಿಲ್ಲದ, ಶಾಂತವಾದ ಮುಖ. ಅವನ ಎರಡು ಕೈಯೂ ಸ್ಟೀರಿಂಗ್ ಮೇಲೇ ಇದ್ದವು. ಬಸ್ಸು ಒಂದು ಗೇಣೂ ಸರಿಯಲಿಲ್ಲ. ಹಾರ್ನ್ ಒತ್ತುತ್ತಲೇ ಜಲ್ಲಿಗೆ, ಜಲ್ಲಿಯಿಂದ ಹೊಲದ ಕೂಳೆಗೆ ಇಳಿದೆ. ಬಸ್ಸಿನ ಕಿಟಕಿಯಲ್ಲಿ ಟಾಮ್ಸಿನ್ ಎರಡು ಕೈ ಬೀಸುತ್ತಾ ನಗುತ್ತಿದ್ದಳು, ಅಮ್ಮ ಆಟ ಆಡುತ್ತಿದ್ದಾಳೆ ಎಂಬಂತೆ.

ನನ್ನ ಗಂಡ ನನ್ನನ್ನು ನೋಡಲಿಲ್ಲ.

ಕಾರು ತಿರುಗಿಸಿ ಬೆನ್ನಟ್ಟಿದೆ. ಬಸ್ಸಿನ ಮುಂದೆ, ದಿಬ್ಬದ ಆಚೆ, ಧೂಳು ಎದ್ದಿತ್ತು. ಗೋಧಿ ತುಂಬಿದ ಲಾರಿ ಬರುತ್ತಿತ್ತು. ಅಂಥ ಲಾರಿಗೆ ಜಲ್ಲಿಗಿಳಿದು ಸಂಭಾಳಿಸುವುದು ನನ್ನ ಕಾರಿನಷ್ಟು ಸುಲಭವಲ್ಲ. ಮೈಕು ಕೈಗೆ ಬಂದಿತ್ತು.

“ಬೆವ್, ಬಸ್ಸು ನಿಲ್ಸು. ಎಡಕ್ಕೆ ತಗೋ. ಎಡಕ್ಕೆ, ಈಗ್ಲೇ!”

“ರೋ? ಏನಾಯ್ತೇ?”

“ಆಮೇಲೆ ಕೇಳು! ಎಡಕ್ಕೆ!”

ಬಸ್ಸು ಎಡಕ್ಕೆ ವಾಲಿತು, ಜಲ್ಲಿ ಸಿಡಿಯಿತು, ನಿಂತಿತು. ಲಾರಿ ಗಾಳಿಯನ್ನು ಸೀಳಿಕೊಂಡು ಪಕ್ಕದಲ್ಲೇ ಹೋಯಿತು. ಚಾಲಕ ಬೆರಳೆತ್ತಿದ. ಬೆವನ್ ಎತ್ತಲಿಲ್ಲ.

ನಾನು ಬಸ್ಸು ಹತ್ತಿದಾಗ ಮಕ್ಕಳು ಗುಸುಗುಸು ಅನ್ನುತ್ತಿದ್ದರು. ಅವನು ಕೆಂಡವಾಗಿದ್ದ.

“ಊರೆಲ್ಲ ಕೇಳೋ ಹಾಗೆ ಹೀಗಾ ಕಿರಿಚೋದು? ಏನು ಮನೆಗೆ ಬೆಂಕಿ ಬಿತ್ತಾ?”

“ನಾನು ಎದುರಿಗೆ ಬಂದೆನಲ್ಲ, ನೋಡಿದ್ಯಾ?”

“ನೀನು ಯಾವಾಗ ಬಂದೆ?”

“ಅಪ್ಪ,” ಟಾಮ್ಸಿನ್ ಹಿಂದಿನಿಂದ ಮೆಲ್ಲಗೆ ಹೇಳಿದಳು, “ಅಮ್ಮ ಹೊಲಕ್ಕೇ ಇಳಿದ್ಳು. ಹಾರ್ನೂ ಹೊಡೆದ್ಳು.”

“ಹಾರ್ನು ಕೇಳಿಸ್ತು. ಹಿಂದೆ ಯಾರೋ ಅಂದ್ಕೊಂಡೆ.”

“ಈಗ ಹೋದ ಲಾರಿ?”

ಅವನು ಮಗಳನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಮುಂದಿನ ಗಾಜಿಗೆ ಕಣ್ಣು ನೆಟ್ಟು ಬಲಗೈಯನ್ನು ಮುಖದ ಪಕ್ಕಕ್ಕೆ ಎತ್ತಿ ಹಿಡಿದ. ಬೆರಳುಗಳನ್ನು ಆಡಿಸಿದ. ಕೈಯನ್ನು ನಿಧಾನವಾಗಿ ಮೂಗಿನ ಹತ್ತಿರಕ್ಕೆ ತಂದ, ಇನ್ನೂ ತಂದ. ಮುಖದ ಬಣ್ಣ ಇಳಿಯಿತು.

“ಕತ್ತಲೆ ಅಲ್ಲ ಕಣೆ ರೋ. ಕತ್ತಲೆ ಆಗಿದ್ರೆ ಗೊತ್ತಾಗ್ತಿತ್ತು. ರಸ್ತೆ ಖಾಲಿ ಇದ್ದ ಹಾಗೇ ಇರುತ್ತೆ.”

“ಇದು ಎಷ್ಟನೇ ಸಲ?”

“ನನಗೇನು ಗೊತ್ತು? ಕಾಣದೇ ಇದ್ದದ್ದನ್ನ ಹೇಗೆ ಎಣಿಸ್ಲಿ?”

ನಾನು ಬಸ್ಸಿನ ವೈರ್‌ಲೆಸ್‌ಗೆ ಕೈ ಚಾಚಿದೆ. ಅವನು ತಡೆದ.

“ಕೊಡು. ನಾನೇ ಹೇಳ್ತೀನಿ.” ಮೈಕನ್ನು ಬಾಯಿಯ ಹತ್ತಿರ ಹಿಡಿದ. “ಬೆವನ್ ಮಾತಾಡ್ತಿದ್ದೀನಿ. ಬಸ್ಸು ದಿಬ್ಬದ ಹತ್ರ ನಿಂತಿದೆ. ಮಕ್ಕಳು ಚೆನ್ನಾಗಿದ್ದಾರೆ. ನಂಗೆ ಬಲಗಡೆ ಕಾಣ್ತಾ ಇಲ್ಲ. ತಲೆನೋವು ಬರೋಕೆ ಮುಂಚೆ ಹೀಗಾಗ್ತಿದೆ. ನಿಮ್ಮ ನಿಮ್ಮ ಮಕ್ಕಳನ್ನ ಬಂದು ಕರ್ಕೊಂಡು ಹೋಗಿ. ನಾಳೆ ಬೇರೆಯವರನ್ನ ನೋಡ್ಕೊಳ್ಳಿ.”

ಚಾನೆಲ್ ಗೊರಗೊರ ಅಂದಿತು. ನಾನು ಅವನ ಮೊಣಕಾಲ ಮೇಲೆ ಕೈ ಇಟ್ಟೆ.

“ಅಯ್ಯೋ ಪೆದ್ದಾ,” ಲಿಂಡ್ಸೆಯ ದನಿ. “ಅದಕ್ಕಾ ಬೆರಳೆತ್ಲಿಲ್ಲ? ಸಂಜೆ ಕ್ಲಬ್ಬಲ್ಲಿ ಎಲ್ಲರೆದುರು ನಿನ್ನ ಮಾನ ಕಳೀಬೇಕು ಅಂತಿದ್ನಲ್ಲೋ. ಇರು, ಬರ್ತೀನಿ.”

ಒಂದೊಂದೇ ಪಿಕಪ್ ಬಂತು. ಬೆವನ್ ಬಸ್ಸಿನ ಮೆಟ್ಟಿಲ ಮೇಲೆ ಕೂತಿದ್ದ. ನೋವು ಆಗಲೇ ಶುರುವಾಗಿತ್ತು, ತಲೆಯ ಮೇಲೆ ಟಾಮ್ಸಿನ್‌ಳ ಒದ್ದೆ ಟೋಪಿ. ಅಪ್ಪಂದಿರು, ಅಮ್ಮಂದಿರು ಅವನ ಮುಖ ನೋಡದೆ ಮಕ್ಕಳ ಚೀಲ ಎತ್ತಿಕೊಂಡರು. ಒಬ್ಬಳು ಮಾತ್ರ ತನ್ನ ಮಗನನ್ನು ಎದೆಗೆ ಅವುಚಿ ನನ್ನನ್ನು ದುರುಗುಟ್ಟಿ ನೋಡಿದಳು. ನಾನು ತಲೆ ತಗ್ಗಿಸಲಿಲ್ಲ. ಎತ್ತಲೂ ಆಗಲಿಲ್ಲ.

ಕೊನೆಗೆ ಅವನ ಬಲಗಡೆಯಿಂದ ಒಂದು ಲಾರಿಯ ಸದ್ದು ಬಂತು. ಬೆವನ್ ಕಣ್ಣು ಮುಚ್ಚಿಕೊಂಡೇ ಇದ್ದ.

“ಲಿಂಡ್ಸೆನಾ?”

“ಹೂಂ.”

ಅವನು ಬೆರಳೆತ್ತಿದ. ದಿಕ್ಕು ತಪ್ಪಿತ್ತು, ಬೇಲಿಯ ಕಡೆಗೆ. ಲಿಂಡ್ಸೆ ಲಾರಿಯೊಳಗಿಂದ ತಮ್ಮ ಬೆರಳೆತ್ತಿ, ಅವನು ಇಳಿಸುವವರೆಗೂ ಹಿಡಿದೇ ಇದ್ದರು.

“ಎತ್ತಿದ್ರಾ?” ಬೆವನ್ ಕೇಳಿದ.

“ಎತ್ತಿದ್ರು,” ಎಂದೆ. ಬಸ್ಸಿನ ಕೀಲಿ ತೆಗೆದು ನನ್ನ ಜೇಬಿಗೆ ಹಾಕಿಕೊಂಡೆ.