ಗೊಲ್ಲಾಳಮ್ಮನ ಗುಳಿಗೆ

ಗೋಡೆಯ ಗೂಡಿನೊಳಗೆ ಕೈಹಾಕಿ ವಿಭೂತಿ ಗಟ್ಟಿ ಹುಡುಕುತ್ತಿದ್ದ ಬಾಲಮ್ಮನಿಗೆ ಕಂದು ಗಾಜಿನ ಶೀಸೆ ಸಿಕ್ಕಿತು.

"ಅಣ್ಣಾ, ಅತ್ತಿಗೀದು ಇದೇನು?"

ಸೂಗಪ್ಪ ಎದ್ದು ಬಂದು ಅದನ್ನು ಕಿತ್ತುಕೊಂಡ. "ಎದಿ ಗುಳಿಗಿ. ನೀ ವಿಭೂತಿ ನೋಡು."

ಸುರಪುರದ ಆ ಮನೆಯ ಪಡಸಾಲೆಯಲ್ಲಿ ಅವನ ಹೆಂಡತಿ ಗೊಲ್ಲಾಳಮ್ಮನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಮೂರು ದಿನದ ಜ್ವರ ಅವಳನ್ನು ಒಯ್ದಿತ್ತು. ಬಂದವರು ಅವಳನ್ನು ನೆನೆದು ಅತ್ತದ್ದಕ್ಕಿಂತ ನಕ್ಕದ್ದೇ ಹೆಚ್ಚು.

"ಹೋದ ತಿಂಗಳ ತಿಂಥಣಿ ಗುಡಿತನಾ ನಮಗಿಂತ ಮುಂದ ನಡದಾಳ," ಎಂದಳು ನೆರೆಮನೆಯ ಅನ್ನಮ್ಮ. "ದಾರಿ ತುಂಬ ಮಾತು! ನಮಗ ಒಂದು ಹೂಂ ಅನ್ನಾಕ ಬಿಡಲಿಲ್ಲ."

*

ಹನ್ನೊಂದು ವರ್ಷದ ಹಿಂದೆ ಅವಳು ಹೀಗಿರಲಿಲ್ಲ. ಬೇಸಗೆಯಲ್ಲೂ ಕೌದಿ ಹೊದ್ದು ನಡುಗುವಳು. ಮುಖ ಊದಿತ್ತು, ದನಿ ಒಡೆದಿತ್ತು. ಅವಳ ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಎಲೆಅಡಿಕೆ ಹಾಕಿ ಮುಗಿಸಬಹುದಿತ್ತು. ಮೈಗಳ್ಳಿ ಎಂದಿತು ಓಣಿ. ಆಮೇಲೆ ಮೆಟ್ಟಿಲೇರಿದರೆ ಎದೆ ಹಿಂಡತೊಡಗಿತು. ಸೂಗಪ್ಪ ಬಂಡಿ ಕಟ್ಟಿ ಯಾದಗಿರಿಗೆ ಕರೆದೊಯ್ದ.

ಹೈದರಾಬಾದಿನಿಂದ ಬಂದಿದ್ದ ಡಾಕ್ಟರು ಅವನೊಬ್ಬನನ್ನೇ ಹೊರಗೆ ಕರೆದರು.

"ಗಂಟಲಾಗಿನ ಗ್ರಂಥಿ ರಸ ಕೊಡವಲ್ದು. ಅದು ಕಡಿಮಿ ಬಿದ್ರ ರಕ್ತದಾಗ ಕೊಬ್ಬು ಏರ್ತದ, ರಕ್ತನಾಳ ಬಿರುಸಾಗ್ತಾವ. ಎದಿನೋವು ಅದರದೇ. ಗುಳಿಗಿ ಅದ. ಕಾಲು ಭಾಗದಿಂದ ಶುರು ಮಾಡ್ರಿ, ಒಮ್ಮೆಲೇ ಹೆಚ್ಚು ಕೊಟ್ರ ಎದಿ ತಾಳಂಗಿಲ್ಲ."

"ಯಾತರದ್ರಿ ಗುಳಿಗಿ?"

"ಕುರಿ ಗಂಟಲ ಗ್ರಂಥೀದು."

ಲಿಂಗ ಕಟ್ಟಿದ, ಮಾಂಸ ಮುಟ್ಟದ ಸೂಗಪ್ಪ ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಆಮೇಲೆ ಒಳಗೆ ಹೋಗಿ ಹೆಂಡತಿಗೆ, "ಬೇರಿನ ಗುಳಿಗಿ ಕೊಟ್ಟಾರ," ಎಂದ.

ಆರು ತಿಂಗಳಿಗೆ ಕೌದಿ ಜಾರಿತು. ವರ್ಷದೊಳಗೆ ಅವಳ ನಗು ಎರಡು ಓಣಿ ದಾಟಿ ಕೇಳಿಸತೊಡಗಿತು.

*

ಗೊಲ್ಲಾಳಮ್ಮನ ಗೆಳತಿ ದಾವಲಬೀ ಬಳೆಯ ಬುಟ್ಟಿ ಹೊರಗಿಟ್ಟು ಒಳಗೆ ಬಂದಳು. ತಿಂಗಳಿಗೊಮ್ಮೆ ಯಾದಗಿರಿಯಿಂದ ಗುಳಿಗೆ ತಂದುಕೊಡುತ್ತಿದ್ದವಳು ಅವಳೇ. ಸೂಗಪ್ಪ ಅವಳನ್ನು ಮೂಲೆಗೆ ಕರೆದ.

"ದಾವಲಬೀ, ಆಕಿಗಿ ಹನ್ನೊಂದು ವರ್ಷ ಸುಳ್ಳು ಹೇಳೀನಿ. ಅದು ಬೇರಲ್ಲ, ಕುರೀದು. ಪಾಪ ನನಗ ಬರ್ಲಿ."

ದಾವಲಬೀ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆಕಿಗಿ ಮೊದಲನೇ ತಿಂಗಳಾಗೇ ಗೊತ್ತಾಗಿತ್ರಿ ಅಣ್ಣಾರ. ಕಂಪೌಂಡರನ್ನ ಕೇಳ್ಕೊಂಡು ಬಾ ಅಂದಿದ್ಲು, ಬಂದು ಹೇಳಿದ್ನಿ."

"ಮತ್ತ ನುಂಗಿದ್ಲು?"

"ದಿನಾ, ಲಿಂಗಪೂಜಿ ಮುಗಿಸಿ. 'ನನಗ ಬದುಕಬೇಕಂತ ಆಸಿ ಅದ. ನಮ್ಮವರಿಗೆ ಮಾತ್ರ ಹೇಳಬ್ಯಾಡ, ಪಾಪ, ನೇಮದವರು, ತಡಕೊಳ್ಳಂಗಿಲ್ಲ' ಅಂತಿದ್ಲು."

ಸೂಗಪ್ಪನಿಗೆ ನಗು ಬಂತು. ತಡೆದಷ್ಟೂ ಉಕ್ಕಿತು. ಹೆಣದ ಮುಂದೆ ನಡೆದಿದ್ದ ಭಜನೆ ನಿಂತಿತು. "ಅಣ್ಣಾ!" ಎಂದು ಬಾಲಮ್ಮ ಗದರಿದಳು.

ಅವನು ಕಣ್ಣೀರೊರೆಸಿಕೊಳ್ಳುತ್ತ ಹೆಂಡತಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಎಲ್ಲರೂ ನೋಡುತ್ತಿದ್ದಂತೆ ಅವಳ ಕಿವಿ ಹಿಡಿದು ಮೆಲ್ಲಗೆ ಹಿಂಡಿದ.