ಅಲುಗಾಡಿದ ಚುಕ್ಕಿ

ಅಗಲ ತಟ್ಟೆಯಂಥ ಪರಾತದಲ್ಲಿ ಅಕ್ಕಿ ಹರವಿ ಹರಳು ಆರಿಸುತ್ತಿದ್ದ ಮಹೇಕ ಒಂದೊಂದು ಹರಳನ್ನೂ ಯಾರದೋ ಮುಖಕ್ಕೆ ಎಸೆದಂತೆ ಅಂಗಳಕ್ಕೆ ಎಸೆಯುತ್ತಿದ್ದಳು. ಎದುರಿಗೆ ಕೂತ ಅವಳ ಅಪ್ಪನ ತಾಯಿ, ದಾದಿ ಬದರುನ್ನಿಸಾ, ನೋಡುವಷ್ಟು ಹೊತ್ತು ನೋಡಿದರು.

"ಹರಳು ಏನ್ ಮಾಡ್ಯಾವ ಬೇಟಿ? ಬೈಯೋದಿದ್ರ ಬಾಯಿಲೆ ಬೈ."

ಮಹೇಕ ಬೈದಳು. ಬೈಸಿಕೊಂಡವರು ಸಿದರಾಯ ಸರ್. ಬೆಳಗಾವಿಯ ಕಾಲೇಜಿನಲ್ಲಿ ಅವರು ಭೌತಶಾಸ್ತ್ರದ ಮುಖ್ಯಸ್ಥರು, ಇವಳು ಲ್ಯಾಬ್ ನೋಡಿಕೊಳ್ಳುವವಳು. ಹನ್ನೆರಡು ದಿನದ ಹಿಂದೆ ಕಾಲೇಜಿನ ಕ್ಯಾಮೆರಾವನ್ನು ಪಾರಿಶ್ವಾಡದ ಈ ಮನೆಯ ಮಾಳಿಗೆಗೆ ತಂದು, ತನ್ನ ದೂರದರ್ಶಕಕ್ಕೆ ಕಟ್ಟಿ ಆಕಾಶದ ಪಟ ತೆಗೆದಿದ್ದಳು. ಹಳೆಯ ಪಟದಲ್ಲಿಲ್ಲದ ಒಂದು ಚುಕ್ಕಿ ಅದರಲ್ಲಿತ್ತು. ಮರುದಿನ ಮತ್ತೆ ತೆಗೆದಳು. ಗಾಳಿಗೆ ದೂರದರ್ಶಕ ಜರುಗಿ ಆ ಪಟ ಪಕ್ಕಕ್ಕೆ ಸರಿಯಿತು, ಕೆಟ್ಟಿತೆಂದು ಬದಿಗಿಟ್ಟಳು. ಮೊದಲ ಪಟವನ್ನೇ ನಂಬಿ, ಹೊಸ ಬೆಳಕು ಕಂಡವರು ಖಗೋಳ ವಿಜ್ಞಾನಿಗಳಿಗೆಲ್ಲ ತಿಳಿಸುವ ಪತ್ರ ಬರೆದು ಸರ್‌ಗೆ ತೋರಿಸಿದ್ದಳು.

"ಚುಕ್ಕಿ ಅಂತ ಚುಕ್ಕಿ! ಕ್ಯಾಮೆರಾದ ಗಾಜಿನ ಮ್ಯಾಲಿನ ಧೂಳಿನ ಚುಕ್ಕಿ ಅದು. ಕಳಿಸಿ ಕಾಲೇಜಿನ ಮರ್ಯಾದಿ ಕಳೀಬ್ಯಾಡ," ಅಂದಿದ್ದರು.

ಪತ್ರ ಕಂಪ್ಯೂಟರಿನಲ್ಲೇ ಕೂತಿತು. ನಿನ್ನೆ ಉಪಗ್ರಹವೊಂದು ಆಕಾಶದ ಅದೇ ಭಾಗದಲ್ಲಿ ಎಂದೂ ಇಲ್ಲದ ಎಕ್ಸ್‌ರೇ ಹೊಳಪು ಕಂಡಿತ್ತು. ಅದು ಯಾವ ಚುಕ್ಕಿಯದು, ಕಣ್ಣಿಗೆ ಕಾಣುವ ಬೆಳಕು ಯಾರಿಗಾದರೂ ಸಿಕ್ಕಿದೆಯೇ ಎಂದು ಉಪಗ್ರಹದ ವಿಜ್ಞಾನಿಗಳು ಎಲ್ಲರನ್ನೂ ಕೇಳಿದ್ದರು.

"ಎಕ್ಸ್‌ರೇ ಅಂದ್ರ ಕಾಲು ಮುರದಾಗ ತಗೀತಾರಲ್ಲ, ಅದ? ಮ್ಯಾಲ ಯಾರ ಕಾಲು ಮುರೀತು?"

"ಅದಲ್ಲ ದಾದಿ. ಸತ್ತ ಚುಕ್ಕಿಯೊಂದು ಬಾಜೂಕಿನ ಚುಕ್ಕಿನ್ನ ಜಗ್ಗಿ ಜಗ್ಗಿ ತಿಂತೈತಿ. ತಿನ್ನೂ ಮುಂದ ಉರೀತೈತಿ. ಆ ಉರಿ ನನ್ನ ಪಟದಾಗ ಹನ್ನೊಂದು ದಿನ ಮೊದ್ಲ ಐತಿ!"

ಬೆಳಿಗ್ಗೆ ಸರ್ ಫೋನ್ ಮಾಡಿದ್ದರು. "ಆ ಪಟ ಸಂಜಿ ಒಳಗ ಕಳಸು. ಪತ್ರ ನನ್ನ ಹೆಸರಿಲೆ ಹೋಗತೈತಿ. ಸಹಾಯ ಮಾಡಿದವರು ಅಂತ ಕೆಳಗ ನಿನ್ನ ಹೆಸರು ಹಾಕೂಣು."

"ಧೂಳಂತ ನೀವ ಅಂದಿದ್ರಲ್ರೀ ಸರ್?"

"ಆಗ ಧೂಳಂದೆ, ಈಗ ಚುಕ್ಕಿ ಅಂತೀನಿ. ನೀ ಕಳಿಸಿದ್ರ ಧೂಳ ಅದು. ಯಾರು ನಂಬ್ತಾರ?"

ಆ ಕೊನೆಯ ಮಾತಿಗೇ ಈಗ ಹರಳು ಅಂಗಳಕ್ಕೆ ಹಾರುತ್ತಿದ್ದವು. ಧೂಳಲ್ಲವೆಂದು ತೋರಿಸಲು ಅವಳ ಹತ್ತಿರ ಏನಿತ್ತು? ಸಿಟ್ಟಿನಲ್ಲೇ ಪರಾತದ ಅಂಚಿನ ಕರಿ ಹರಳೊಂದನ್ನು ಚಿವುಟಿದಳು. ಬರಲಿಲ್ಲ. ಉಗುರಿನಿಂದ ಕೆರೆದಳು. ಉಗುರು ಮುರಿಯಿತು.

ದಾದಿ ನಕ್ಕುಬಿಟ್ಟರು. "ಹುಚ್ಚಿ, ಅದು ಪರಾತದ ಚುಕ್ಕಿ! ಎನಾಮಲ್ ಹಾರಿದ್ದು. ತಿಳೀದಿದ್ರ ಪರಾತ ಅಲುಗಾಡ್ಸು. ಅಕ್ಕಿ ಜೋಡಿ ಸರದ್ರ ಹರಳು, ಅಲ್ಲೇ ಕುಂತ್ರ ಪರಾತದ್ದು."

ಮಹೇಕ ಪರಾತವನ್ನು ಅಲ್ಲೇ ಬಿಟ್ಟು ಒಳಗೆ ಓಡಿದಳು. ಕೆಟ್ಟಿತೆಂದು ಬದಿಗಿಟ್ಟಿದ್ದ ಪಟವನ್ನು ಹುಡುಕಿ ಮೊದಲಿನದರ ಪಕ್ಕಕ್ಕೆ ಇಟ್ಟಳು. ಎಲ್ಲ ಚುಕ್ಕಿಗಳೂ ಎರಡು ಬೆರಳಿನಷ್ಟು ಎಡಕ್ಕೆ ಸರಿದಿದ್ದವು. ಅವುಗಳ ನಡುವೆ ತನ್ನ ಜಾಗ ಬಿಡದೆ ಅವಳ ಚುಕ್ಕಿಯೂ ಸರಿದಿತ್ತು. ಮೊದಲು ಅದಿದ್ದಲ್ಲಿ ಬರೀ ಕತ್ತಲೆ. ಗಾಜಿನ ಮೇಲಿನ ಧೂಳಾಗಿದ್ದರೆ ಅಲ್ಲೇ ಕೂತಿರಬೇಕಿತ್ತು.

"ಸರದೈತಿ ದಾದಿ! ಅಕ್ಕಿ ಜೋಡಿ ಸರದೈತಿ!"

"ಹಂಗಾರ ಅದು ಹರಳ. ನಿಮ್ಮ ಸರ್‌ನ ಹಲ್ಲಿಗೆ ಸಿಗಲಿ."

ಫೋನ್ ಬಡಿದುಕೊಂಡಿತು. "ಪಟ ಕಳಸಿದ್ಯಾ?"

"ಕಳಸಾಕತ್ತೀನ್ರೀ ಸರ್," ಎಂದು ಇಟ್ಟಳು. ಎಲ್ಲಿಗೆ ಎಂದು ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ.

ಕಂಪ್ಯೂಟರಿನಲ್ಲೇ ಕೂತಿದ್ದ ಪತ್ರ ತೆಗೆದಳು. ಎರಡೂ ಪಟ ಸೇರಿಸಿದಳು. ಕ್ಯಾಮೆರಾ ಕಾಲೇಜಿನದೆಂದು ಬರೆದಳು, ಅದು ಖರೇ. ಕಂಡವಳು ಮಹೇಕ, ಪಾರಿಶ್ವಾಡ. ಸಹಾಯ ಮಾಡಿದವರು ಎಂಬಲ್ಲಿ ಬದರುನ್ನಿಸಾ ಎಂದು ಬರೆದು, ಮುರಿದ ಉಗುರಿನ ಬೆರಳಿನಿಂದಲೇ ಗುಂಡಿ ಒತ್ತಿದಳು. ಪತ್ರ ಹೋಯಿತು.