ಕಾಲುವೆಯಾಚೆಯ ಮನೆ

ಸಾಯ್ರಾಗುಲ್ ವೋಡ್ಕಾ ಮುಟ್ಟದೆ ಹದಿನೇಳು ದಿನವಾಗಿತ್ತು. ಟೊಕ್ಮೊಕ್ ಊರಿನ ಬಜಾರಿನಲ್ಲಿ ತಂದೂರಿ ಒಲೆಯಲ್ಲಿ ರೊಟ್ಟಿ ಸುಟ್ಟು ಮಾರುವ ಹೆಂಗಸು ಅವಳು. ಗಂಡ ತೀರಿಕೊಂಡ ಮೇಲೆ ಹಿಟ್ಟಿನ ಮೂಟೆಗಳ ಸಂದಿಯಲ್ಲಿ ಬಾಟಲಿ ಬಚ್ಚಿಡುವುದನ್ನು ಕಲಿತಳು. ಹೀಗೇ ಒಂಬತ್ತು ವರ್ಷ ನಡೆಯಿತು. ಒಂದು ಬೆಳಿಗ್ಗೆ ಒಲೆಯ ಬಾಯಿಗೆ ಬಗ್ಗಿದವಳು ಜೋಲಿ ತಪ್ಪಿ ಮೊಣಕೈವರೆಗೂ ಸುಟ್ಟುಕೊಂಡಳು. ಪಟ್ಟಿ ಕಟ್ಟಿದ ನರ್ಸಮ್ಮ ಅವಳ ಬಾಯಿಯ ವಾಸನೆ ಹಿಡಿದು, "ಒಬ್ಬಳೇ ಬಿಡೋಕಾಗಲ್ಲ ಕಣೇ. ಬಿಟ್ಟವರು ಒಟ್ಟಿಗೆ ಕೂತು ಮಾತಾಡೋ ಸಭೆಗಳಿರ್ತವೆ, ಹುಡುಕ್ಕೋ" ಎಂದಿದ್ದಳು.

ಊರಿನಲ್ಲಿ ಅಂಥದ್ದೊಂದೇ ಸಭೆ. ಹೋದರೆ ಎಂಟೂ ಜನ ಗಂಡಸರು. ಅದರಲ್ಲೊಬ್ಬ ಅವಳ ಮೈದುನನ ಜೊತೆಗಾರ. "ಏನತ್ತಿಗೆ, ನೀವೂನಾ!" ಎಂದು ಹಲ್ಲು ಬಿಟ್ಟ. ಇಲ್ಲಿ ಆಡಿದ್ದು ಹೊರಗೆ ಹೋಗಬಾರದು ಎಂಬ ನೇಮ ಅವನ ಕಿವಿಗೆ ಬಿದ್ದಂತಿರಲಿಲ್ಲ. ಸಂಜೆಯ ಹೊತ್ತಿಗೆ ಅತ್ತೆಗೆ ಸುದ್ದಿ ಮುಟ್ಟಿತ್ತು. ಸಾಯ್ರಾಗುಲ್ ಮತ್ತೆ ಅತ್ತ ತಲೆ ಹಾಕಲಿಲ್ಲ.

ಬಸ್ ನಿಲ್ದಾಣದ ಕಂಬಕ್ಕೆ ಅಂಟಿಸಿದ ಚೀಟಿ ಕಣ್ಣಿಗೆ ಬಿದ್ದದ್ದು ಆಗ. 'ಕುಡಿತದಿಂದ ಬಿಡುಗಡೆ. ಉಚಿತ. ಗುಟ್ಟು ಕಾಯುತ್ತೇವೆ.' ಫೋನು ಎತ್ತಿದವನ ದನಿ ಹಾಲು ಕುಡಿದಷ್ಟು ಮೃದು.

"ಬಾ ತಂಗಿ. ಗುರುತಿಗೆ ಪಾಸ್‌ಪೋರ್ಟ್ ತಗೊಂಡು ಬಾ. ಯಾರಿಗೂ ಹೇಳ್ಬೇಡ. ಮನೆಯವರೇ ಅಲ್ವಾ ನಮ್ಮನ್ನ ಮತ್ತೆ ಕುಡಿಸೋದು?"

ಆ ಮಾತು ಅವಳ ಎದೆಗೆ ನಾಟಿತು. ಅತ್ತೆಗೆ ಹಿಟ್ಟು ತರುವ ನೆಪ ಹೇಳಿ ಹೊರಟಳು.

ಕುಬಾತ್ ಎಂಬ ಆ ಮನುಷ್ಯನೇ ವ್ಯಾನಿನಲ್ಲಿ ಬಂದು ಕರೆದೊಯ್ದ. ಕಾಲುವೆ ದಾಟಿ, ಬೀಟ್‌ರೂಟ್ ಹೊಲಗಳ ನಡುವೆ ಒಂಟಿ ಮನೆ. ಅಗುಳಿ ಗೇಟಿನ ಹೊರಗಡೆಗೆ ಇದ್ದದ್ದನ್ನು ಅವಳು ನೋಡಿದಳು. ನೋಡಿಯೂ ಒಳಗೆ ಹೋದಳು. ಬೂಟು ಬಿಚ್ಚಿಸಿಕೊಂಡು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಫೋನೂ ಅಲ್ಲಿಗೇ ಹೋಯಿತು.

"ಪಾಸ್‌ಪೋರ್ಟು?" ಎಂದ ಕುಬಾತ್.

"ಮರೆತು ಬಂದೆ ಅಣ್ಣ" ಎಂದಳು. ಅದು ಅವಳ ರವಿಕೆಯೊಳಗೇ ಇತ್ತು. ಯಾಕೆ ಸುಳ್ಳು ಹೇಳಿದೆನೆಂದು ಅವಳಿಗೇ ತಿಳಿಯಲಿಲ್ಲ.

ಅವನು ನಗುತ್ತಲೇ ಇದ್ದ. "ಪರವಾಗಿಲ್ಲ. ನಾಳೆ ಹೋಗಿ ತರೋಣ."

ನಾಳೆ? ಇವಳು ಒಂದು ಗಂಟೆಯ ಸಭೆಗೆಂದು ಬಂದವಳು.

ಒಳಗೆ ಇಪ್ಪತ್ತು ಜನ ಗೋಡೆಗೊರಗಿ ಕೂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ, ಕೆಮ್ಮುವವರು ಕೂಡ ಬಾಯಿಗೆ ಕೈ ಅಡ್ಡ ಹಿಡಿದು ಕುಬಾತ್‌ನ ಮುಖ ನೋಡುತ್ತಿದ್ದರು. ಕಿಟಕಿಗಳಿಗೆ ಹಲಗೆ ಹೊಡೆದಿತ್ತು. ಚಹಾ ತಂದ ಹುಡುಗಿ ಬಟ್ಟಲು ಕೊಡುವಾಗ ಬಗ್ಗಿ, "ಕುಡೀಬೇಡಿ ಅಕ್ಕ" ಎಂದು ಉಸುರಿದಳು.

ಸಾಯ್ರಾಗುಲ್ ಹೊಟ್ಟೆನೋವೆಂದಳು. ಹಿತ್ತಲಿನ ಪಾಯಿಖಾನೆಗೆ ಅದೇ ಹುಡುಗಿಯನ್ನು ಕಾವಲಿಗೆ ಕಳಿಸಿದರು. ಹೆಸರು ಐಜಾರ್ಕಿನ್ ಅಂತೆ.

"ಕಲ್ಲಿದ್ದಲ ಗುಡ್ಡೆ ಹತ್ತಿದ್ರೆ ಗೋಡೆ ಸಿಗುತ್ತೆ. ಓಡಿ."

"ನೀನೂ ಬಾರೇ!"

ಹುಡುಗಿ ಕಾಲುಚೀಲ ಸರಿಸಿದಳು. ಪಾದ ಊದಿ ಕಪ್ಪಾಗಿತ್ತು. "ಒಂದು ಸಲ ಓಡಿದ್ದೆ. ಕಾಂತ್ ಊರಿನ ರೈಲ್ವೆ ಸ್ಟೇಷನ್ ಎದುರಿನ ಔಷಧಿ ಅಂಗಡೀಲಿ ನಮ್ಮಮ್ಮ ಇರ್ತಾಳೆ. ಬದುಕಿದೀನಿ ಅಂತ ಹೇಳಿ."

ಸುಟ್ಟ ಕೈ ಊರಿ ಗೋಡೆ ಹತ್ತುವಾಗ ಸಾಯ್ರಾಗುಲ್‌ಗೆ ಕಣ್ಣು ಕತ್ತಲಿಟ್ಟಿತು. ಆಚೆ ಬಿದ್ದು, ಬರೀ ಕಾಲುಚೀಲದಲ್ಲಿ ಹೆಪ್ಪುಗಟ್ಟಿದ ಹೊಲದ ಮೇಲೆ ಓಡಿದಳು. ಹಿಂದೆ ನಾಯಿ ಬೊಗಳಿತು. ಕುಬಾತ್ ಅದೇ ಮೃದು ದನಿಯಲ್ಲಿ, "ತಂಗೀ, ಓ ತಂಗೀ" ಎಂದು ಕರೆಯುತ್ತಿದ್ದ.

ಹೆದ್ದಾರಿಯಲ್ಲಿ ಬೀಟ್‌ರೂಟ್ ಲಾರಿಯವನೊಬ್ಬ ನಿಲ್ಲಿಸಿದ. ಅವಳ ಕಾಲು ನೋಡಿ, "ಏನಕ್ಕ, ಏರಿಸ್ಕೊಂಡಿದೀಯಾ?" ಎಂದ.

"ಇಲ್ಲಪ್ಪ. ಹದಿನೇಳು ದಿನ ಆಯ್ತು."

ಅವನ ನಗು ನಿಂತಿತು. "ನನ್ನ ಹೆಂಡತಿ ಕುಡಿಯೋದು ಬಿಟ್ಟು ನಾಲ್ಕು ವರ್ಷ" ಎಂದು ಸೀಟಿನಡಿಯಿಂದ ತನ್ನ ಹಳೆಯ ಬೂಟು ಎಳೆದು ಕೊಟ್ಟ.

ದೂರು ಕೊಡಲು ಹೋದ ಪೊಲೀಸ್ ಠಾಣೆಯಲ್ಲಿ ಮಾತ್ರ, "ಬಾಯಿ ಊದು ನೋಡೋಣ" ಎಂದು ನಕ್ಕು ಕಳಿಸಿದರು.

ಮರುದಿನ ಗುರುವಾರ. ರಾಜಧಾನಿ ಬಿಷ್ಕೆಕ್‌ನ ಒಂದು ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಹೆಂಗಸರದೇ ಸಭೆ. ರಾತ್ರಿ ಅವಳನ್ನು ಮನೆಯಲ್ಲಿ ಉಳಿಸಿಕೊಂಡಿದ್ದ ಲಾರಿಯವನ ಹೆಂಡತಿ ಕರೆದೊಯ್ದಳು. ಬಾಗಿಲು ತೆರೆದೇ ಇತ್ತು. ಐದೇ ಜನ. ನಡೆಸುವಾಕೆ ಜೋಯಾ ಎಂಬ ಮುದುಕಿ, "ಬಾಗಿಲ ಹತ್ರಾನೇ ಕೂತ್ಕೊ ಬೇಕಾದ್ರೆ. ಸಾಕು ಅನಿಸಿದಾಗ ಎದ್ದು ಹೋಗು" ಎಂದಳು. ಸಾಯ್ರಾಗುಲ್ ಅತ್ತುಬಿಟ್ಟಳು. ಆಮೇಲೆ ಎಲ್ಲವನ್ನೂ ಹೇಳಿದಳು.

ಮುದುಕಿ ಆ ಹೊತ್ತಿಗೇ ಎದ್ದು ಕೋಟು ಹಾಕಿಕೊಂಡಳು. ಕಾಂತ್‌ನಿಂದ ಐಜಾರ್ಕಿನ್‌ಳ ತಾಯಿಯನ್ನು ಕರೆದುಕೊಂಡು ಎಲ್ಲರೂ ಆ ಮನೆಗೆ ಹೋದರು. ಗೇಟು ಹಾರು ಹೊಡೆದಿತ್ತು. ಒಳಗೆ ಒಂದು ನರಪಿಳ್ಳೆಯೂ ಇಲ್ಲ. ನೆಲ ತೊಳೆದಿದ್ದರು, ಗೋಡೆಗೆ ಹಚ್ಚಿದ ಹಸಿ ಸುಣ್ಣ ಕೈಗೆ ಅಂಟುತ್ತಿತ್ತು. ತಾಯಿ ಕೋಣೆ ಕೋಣೆಗೂ ಹೋಗಿ ಮಗಳ ಹೆಸರು ಕೂಗಿದಳು.

"ನಾನು ಓಡಿದ್ದಕ್ಕೇ ಜಾಗ ಬಿಟ್ರು" ಎಂದಳು ಸಾಯ್ರಾಗುಲ್.

ವಾಪಸು ಬರುವಾಗ ತಾಯಿ ಅವಳ ಕೈ ಹಿಡಿದುಕೊಂಡಳು. "ಅವಳ ಕೂದಲು ಹೇಗಿತ್ತಮ್ಮ? ಉದ್ದ ಜಡೆ ಇತ್ತು ಅವಳಿಗೆ."

ಬೋಳಿಸಿದ್ದರು. "ಜಡೆ ಹಾಕಿದ್ಲು ಅಮ್ಮ" ಎಂದಳು ಸಾಯ್ರಾಗುಲ್.

ಆ ಸಂಜೆ ಅವಳಿಗೆ ಕುಡಿಯಬೇಕೆನಿಸಿದಷ್ಟು ಎಂದೂ ಅನಿಸಿರಲಿಲ್ಲ. ಊರಿಗೆ ಹೋಗದೆ ಜೋಯಾಳ ಅಡಿಗೆಮನೆಯಲ್ಲಿ ಕೂತು, ಬೆಳಗಾಗುವುದನ್ನೇ ಕಾದಳು.